ಲ್ಯಾಕ್ಸನ್ ಮಲಾಮನನ್ನು ಬೈದು ಕಳಿಸಿದ್ದು

ಲ್ಯಾಕ್ಸನ್ ಮಲಾಮ ಸೈಕಲ್ಲಿನಿಂದ ಬಿದ್ದು ಸತ್ತ. ಉಪ್ಪು ತರಲು ಹೋಗಿದ್ದ. ರಸ್ತೆ ಸಪಾಟಾಗಿತ್ತು. ಅವನು ಕುಡಿದಿರಲಿಲ್ಲ. ಬಿದ್ದ, ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು, ಎದ್ದು ಕೂತು "ಏನಾಗಿಲ್ಲ" ಎಂದ, ಮತ್ತೆ ಮಲಗಿದ. ಅಷ್ಟೇ ಆದದ್ದು.

ಲುವಾಂಗ್ವಾ ನದಿಯ ದಂಡೆಯ ಸಫಾರಿ ಲಾಡ್ಜಿನಲ್ಲಿ ಅರ್ಧ ಆಯುಷ್ಯ ಗಾಡಿ ಓಡಿಸಿದವನು ಅವನು. ಸಿಂಹಗಳ ಪಕ್ಕದಲ್ಲಿ ಎಂಜಿನ್ ಆರಿಸಿ ಕೂತವನು. ಒಮ್ಮೆ ಒಂಟಿ ಆನೆ ಬಾನೆಟ್ಟಿನ ಮೇಲೆ ದಂತ ಊರಿ ನಿಂತಾಗ, ಹಿಂದೆ ಕೂತ ಗೆಸ್ಟುಗಳಿಗೆ ಅದರ ಹಲ್ಲಿನ ವಿಷಯ ಹೇಳುತ್ತಿದ್ದವನು. ಹಾಗಾಗಿ ಅಳಲು ಬಂದವರೆಲ್ಲ ಅವನ ಹೆಂಡತಿ ಎಲಿನಾಳ ಕೈ ಹಿಡಿದು ಮೊದಲು ಒಂದೇ ಮಾತು ಕೇಳಿದರು.

"ಯಾವ ಪ್ರಾಣಿ?"

"ಸೈಕಲ್ಲು."

"ಅದಲ್ಲ, ಸೈಕಲ್ಲಿಗೆ ಅಡ್ಡ ಬಂದಿದ್ದು ಯಾವ್ದು? ಆನೆನಾ?"

"ಏನೂ ಬರ್ಲಿಲ್ಲ."

"ಏನೂ ಬರ್ದೆ ಹೆಂಗವ್ವ ಬೀಳ್ತಾನೆ?"

ಬಂದವರ ಮುಖ ಸಪ್ಪಗಾಗುತ್ತಿತ್ತು. ಅಂಗಳದ ಬೆಂಕಿಯ ಸುತ್ತ ಕೂತ ಗಂಡಸರು ಸಂಜೆಯ ಹೊತ್ತಿಗೆ ತಾವೇ ಒಂದು ಕಾಡೆಮ್ಮೆಯನ್ನು ಗೊತ್ತು ಮಾಡಿಕೊಂಡರು. ಅವಳು ಬೇಡವೆನ್ನಲಿಲ್ಲ.

ಅವನು ಲಾಡ್ಜಿಗೆ ಸೇರಿದ್ದು ಗಾಡಿ ತೊಳೆಯಲು. ಒಂದು ಬೆಳಿಗ್ಗೆ ಡ್ರೈವರ್ ಮಲೇರಿಯಾ ಬಂದು ಮಲಗಿದ. ಗೆಸ್ಟುಗಳು ಆಗಲೇ ಗಾಡಿ ಹತ್ತಿ ಕೂತಿದ್ದರು. ಲ್ಯಾಕ್ಸನ್ ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಸ್ಟಿಯರಿಂಗ್ ಮುಂದೆ ಕೂತ. ದಾರಿಯಲ್ಲಿ ಆನೆಯೊಂದು ಕಿವಿ ಬಿಚ್ಚಿ ಎದುರು ನಿಂತಿತು. ಲ್ಯಾಕ್ಸನ್ ಒಂದಿಂಚೂ ಹಿಂದೆ ಸರಿಯಲಿಲ್ಲ. ಕೊನೆಗೆ ಆನೆಯೇ ಬೇಸತ್ತು ಹೋಯಿತು. ಗೆಸ್ಟುಗಳು ತಿರುಗಿ ಬಂದು ಇಂಥ ಧೈರ್ಯವಂತನನ್ನು ನೋಡಿಯೇ ಇಲ್ಲ ಎಂದರು. ಅವನಿಗೆ ರಿವರ್ಸ್ ಹಾಕಲು ಬರುತ್ತಿರಲಿಲ್ಲ. ಅದನ್ನು ಅವನು ಎಲಿನಾಳಿಗೆ ಮದುವೆಯಾದ ಮೇಲೆ ಹೇಳಿದ.

ಅವನ ಕಣ್ಣು ಅಷ್ಟಕ್ಕಷ್ಟೆ. ಹುತ್ತವನ್ನು ಸಿಂಹ ಎಂದು ತೋರಿಸಿ, ಎಂಜಿನ್ ಆರಿಸಿ, ಬಹಳ ಹೊತ್ತು ಅದರ ಸ್ವಭಾವ ವಿವರಿಸಿದ್ದೂ ಉಂಟು. ಗೆಸ್ಟುಗಳು ಹುತ್ತದ ಫೋಟೋ ತೆಗೆದುಕೊಂಡರು. ಪ್ರಾಣಿಯನ್ನು ನೋಡುವ ಕೆಲಸ ಪಕ್ಕದ ಸೀಟಿನ ಚಿಶಾಲನದು. ಲ್ಯಾಕ್ಸನ್ನನದು ಓಡಿಸುವುದು ಮತ್ತು ಮಾತಾಡುವುದು. ಯಾವ ಪ್ರಾಣಿ ಸಿಕ್ಕರೂ ಅವನ ಮಾತಿಗೆ ಒಂದೇ ದಾರಿ. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಹೆಂಡಿರೆಷ್ಟು, ಯಾರಿಗೆ ಹೆದರುತ್ತದೆ. ಗೊತ್ತಿದ್ದರೆ ಗೊತ್ತಿದ್ದದ್ದು, ಗೊತ್ತಿಲ್ಲದಿದ್ದರೆ ಬಾಯಿಗೆ ಬಂದದ್ದು. ನೀರಾನೆ ಹೆಂಡತಿಯ ಕಡೆಯ ನೆಂಟರು ಬಂದರೆ ನೀರಿನಿಂದ ಮೇಲೇಳುವುದಿಲ್ಲ ಎಂದು ಅವನು ಹೇಳಿದ್ದನ್ನು ಯಾರೋ ಬರೆದುಕೊಂಡು ಹೋಗಿದ್ದರು.

ಮನೆಯಲ್ಲಿ ಮಾತಿಲ್ಲ. ಬಂದು ಕೂರುತ್ತಿದ್ದ. ಎಲಿನಾ ಅದೇ ಲಾಡ್ಜಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಗೆಸ್ಟುಗಳೆಲ್ಲ ಮಣ್ಣಿನ ಬಣ್ಣದ ಬಟ್ಟೆಯನ್ನೇ ತರುತ್ತಾರೆ, ಕೊಳೆಯಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅವರ ಇಂಗ್ಲಿಷ್ ಅವಳಿಗೆ ಅಲ್ಲೇ ಕಿವಿಗೆ ಬಿದ್ದು ಬಂದದ್ದು. ಇಬ್ಬರೂ ದಣಿದು ಬಂದು ಮೆಕ್ಕೆಜೋಳದ ಮುದ್ದೆ, ಒಣಮೀನು ಉಂಡು ಮಲಗುತ್ತಿದ್ದರು. ಅವನು ಗೊರಕೆ ಹೊಡೆಯುತ್ತಿದ್ದ. ಅವನು ಸತ್ತ ರಾತ್ರಿ ಎಲಿನಾಳಿಗೆ ನದಿಯಲ್ಲಿ ನೀರಾನೆಗಳು ಕೂಗುವುದು ಕೇಳಿಸಿತು. ಇಷ್ಟು ವರ್ಷ ಅಲ್ಲೇ ಇದ್ದೂ ಅವು ಅಷ್ಟು ಜೋರಾಗಿ ಕೂಗುತ್ತವೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಇನ್ನು ಚಿಶಾಲನ ವಿಷಯ. ಬಿಸಾ ಜನರಲ್ಲಿ ಪ್ರತಿ ಕುಲಕ್ಕೂ ಒಂದು ಎದುರು ಕುಲ. ಲ್ಯಾಕ್ಸನ್ ಮೇಕೆ ಕುಲದವನು. ಚಿಶಾಲ ಚಿರತೆ ಕುಲದವನು. ಚಿರತೆ ಮೇಕೆಯನ್ನು ತಿನ್ನುತ್ತದೆಯಾದ್ದರಿಂದ ಅವರು ಹುಟ್ಟಿದಾರಭ್ಯ ಒಬ್ಬರನ್ನೊಬ್ಬರು ಬೈಯಬಹುದು. ಬೈಯಲೇಬೇಕು. ಸಿಟ್ಟಾದವನದೇ ತಪ್ಪು. ಒಬ್ಬ ಸತ್ತರೆ ಗುಂಡಿಯ ಮುಂದೆ ನಿಂತು ಅವನನ್ನು ಬೈದು ಕಳಿಸುವುದೂ ಎದುರು ಕುಲದವರ ಕೆಲಸವೇ. ಸ್ವಂತದವರು ಅಳುತ್ತಾರೆ. ಬರೀ ಅಳು ಕೇಳಿದರೆ ಸತ್ತವನಿಗೆ ಹೋಗಲು ಮನಸ್ಸಾಗುವುದಿಲ್ಲ, ಮನೆ ಬಾಗಿಲಲ್ಲೇ ಸುಳಿಯುತ್ತಾನೆ. ಬೈದರೆ ಹೋಗುತ್ತಾನೆ.

ಗಾಡಿಯಲ್ಲಿ ಇಬ್ಬರದೂ ಇದೇ ನಡೆಯುತ್ತಿತ್ತು. ಚಿರತೆ ಕೊಂದ ಜಿಂಕೆ ಕೊಂಬೆಗೆ ನೇತಾಡುವುದು ಕಂಡರೆ ಚಿಶಾಲ ತಮ್ಮ ಮಾತಿನಲ್ಲಿ ಶುರು ಮಾಡುತ್ತಿದ್ದ.

"ನೋಡ್ಲಾ, ನಮ್ಮಜ್ಜ ನಿನ್ ಚಿಕ್ಕಪ್ಪನ್ನ ಒಣಗಾಕವ್ನೆ."

"ನಿಮ್ಮಜ್ಜ ಕಳ್ಳ ಕಣ್ಲಾ. ನ್ಯಾಯವಾಗಿ ತಿನ್ನೋನಾಗಿದ್ರೆ ಮರದ್ ಮೇಲ್ಯಾಕೆ ಬಚ್ಚಿಡ್ತಿದ್ದ?"

"ಏನಂತೆ?" ಎಂದು ಗೆಸ್ಟುಗಳು ಕೇಳುತ್ತಿದ್ದರು.

"ಇದು ಹೆಣ್ಣು, ಐದು ವರ್ಷದ್ದು, ಅಂತಿದಾನೆ," ಎಂದು ಲ್ಯಾಕ್ಸನ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ಲ್ಯಾಕ್ಸನ್ ಸತ್ತಾಗ ಎಲ್ಲರೂ ಚಿಶಾಲನ ಕಡೆ ನೋಡಿದರು. ಅವನು ಬಂದ. ಹೆಣದ ಕಾಲ ಬಳಿ ಕೂತ. ಬಾಯಿ ತೆರೆದ. ಗೊಳೋ ಎಂದು ಅತ್ತುಬಿಟ್ಟ.

ಹೆಂಗಸರು ಅಳುವುದನ್ನು ನಿಲ್ಲಿಸಿ ನೋಡಿದರು. ಇಂಥದ್ದನ್ನು ಯಾರೂ ಕಂಡಿರಲಿಲ್ಲ.

ಲ್ಯಾಕ್ಸನ್ನನ ಸೋದರಮಾವ ಮುಕುಕಾ ತಾಯಿಯ ಊರಿನಿಂದ ಬಂದಿದ್ದ. ಅವರಲ್ಲಿ ಕುಲ ಬರುವುದು ತಾಯಿಯಿಂದ, ಹಾಗಾಗಿ ಮೇಕೆ ಕುಲಕ್ಕೆ ಅವನೇ ಹಿರಿಯ. ಅವನ ಮಾತೇ ಮಾತು. ಅವನು ಊರುಗೋಲು ಕುಟ್ಟಿದ.

"ಏನೋ ಇದು? ಮೇಕೆ ಸತ್ರೆ ಚಿರತೆ ಅಳ್ತದಾ? ಕುಣೀಬೇಕು ನೀನು. ನಾಚಿಕೆ ಆಗಾಕಿಲ್ವಾ?"

"ಆಯ್ತದೆ ಮಾವ," ಎಂದು ಚಿಶಾಲ ಇನ್ನೂ ಜೋರಾಗಿ ಅತ್ತ.

ಮರುದಿನವೂ ಹಾಗೇ. ಅಂಗಳದಲ್ಲಿ ಬೆಂಕಿ ಕಾಯುತ್ತ ಅಳುತ್ತಿದ್ದ. ಮುದ್ದೆ ಕೊಟ್ಟರೆ ಉಂಡು ಅಳುತ್ತಿದ್ದ. ಮುಕುಕಾ ಎಲಿನಾಳ ಹತ್ತಿರ ಬಂದು ಕೂತ.

"ಕಟೋಂಗೋಳ ಅವ್ವ," ಎಂದು ಮಗಳ ಹೆಸರು ಹಿಡಿದು ಕರೆದ. ಮಗಳು ದೂರದ ಊರಲ್ಲಿ ಹಸಿ ಬಾಣಂತಿ, ಬರುವ ಹಾಗಿರಲಿಲ್ಲ. "ನೋಡವ್ವ. ಬೈಯ್ದೆ ಮಣ್ಣು ಹಾಕಾಕ್ಕಾಗಲ್ಲ. ಇವನ ಕೈಲಾಗ್ದಿದ್ರೆ ನದಿಯಾಚೆಯಿಂದ ಬೇರೆ ಚಿರತೆಯೋನ್ನ ಕರೆಸ್ತೀನಿ."

"ಅವ್ನು ಬರಾಕೆ ಎಷ್ಟೊತ್ತಾಯ್ತದೆ ಮಾವ?"

"ಎರಡು ದಿನ. ಮೂರೇ ಅನ್ಕೊ."

ಎಲಿನಾ ಒಳಗೆ ಹೆಣವಿಟ್ಟ ಪೆಟ್ಟಿಗೆಯ ಕಡೆ ನೋಡಿದಳು. ನೆಲ ಹೆಂಚಿನ ಹಾಗೆ ಕಾಯುತ್ತಿತ್ತು. ಹೆಣ ಇನ್ನೊಂದು ದಿನ ತಡೆಯುವುದೇ ಹೆಚ್ಚು. ಅವಳಿಗೆ ಬೇರೆ ಏನೂ ಬೇಕಿರಲಿಲ್ಲ. ನಾಳೆ ಮಧ್ಯಾಹ್ನದೊಳಗೆ ಅವನನ್ನು ಅವನ ತಾಯಿಯ ಪಕ್ಕದಲ್ಲಿ ಮಣ್ಣಿಗೆ ಸೇರಿಸಬೇಕು, ವಾಸನೆ ಬರುವ ಮೊದಲು. ಅವನನ್ನು ಜನ ಮೂಗು ಮುಚ್ಚಿಕೊಂಡು ಕಳಿಸಬಾರದು. ಅಷ್ಟೇ.

ಅವಳು ಎದ್ದು ಹೋಗಿ ಚಿಶಾಲನ ಮುಂದೆ ನಿಂತಳು.

"ಬೈಯಿ."

"ಆಗ್ತಾ ಇಲ್ಲ ಅಕ್ಕ."

"ಇಷ್ಟು ವರ್ಷ ಬೈದಿದ್ದೀಯಲ್ಲ."

"ಅವ್ನು ತಿರುಗ್ಸಿ ಬೈತಿದ್ದ. ಈಗ ಯಾರಿಗೆ ಬೈಲಿ? ಗೋಡೆಗಾ?"

"ಒಂದು ಮಾತು ಬೈಯಿ ಸಾಕು. ಸೋಮಾರಿ ಅನ್ನು. ಸೋಮಾರಿನೇ ಆಗಿದ್ದ."

ಚಿಶಾಲ ಕಣ್ಣೊರೆಸಿಕೊಂಡ. ಎದೆ ಸೆಟೆಸಿದ. "ಲ್ಯಾಕ್ಸನ್ ಮಲಾಮ ಒಬ್ಬ... ಒಬ್ಬ ದೊಡ್ಡ..." ಎಂದ. ಎಲ್ಲರೂ ಮುಂದಕ್ಕೆ ಬಾಗಿದರು. "ಒಳ್ಳೆ ಮನುಷ್ಯ," ಎಂದು ಮುಖ ಮುಚ್ಚಿಕೊಂಡ.

ಮುಕುಕಾ ಉಗಿದ. "ಇಂಥ ಮಾತಾಡಿ ಅವನ್ನ ಇಲ್ಲೇ ಉಳಿಸಿಕೊಳ್ಳೋ ಹಂಗೆ ಕಾಣ್ತದೆ."

ಕೊನೆಗೆ ಎಲಿನಾ ಮಾವನನ್ನು ಬೇಡಿಕೊಂಡಳು. ಗುಂಡಿ ತೋಡಿಸಿ, ಪೆಟ್ಟಿಗೆ ಅಲ್ಲಿಗೆ ಹೋಗಲಿ, ದಾರಿಯಲ್ಲಿ ಚಿಶಾಲನಿಗೆ ಬಾಯಿ ಬಂದರೂ ಬರಬಹುದು ಎಂದಳು. ಬಾರದಿದ್ದರೆ ಪೆಟ್ಟಿಗೆಯನ್ನು ಗುಂಡಿಯ ಪಕ್ಕದಲ್ಲೇ ಇಟ್ಟು ಕಾಯುತ್ತೇವೆ ಎಂದು ಮುಕುಕಾ ಒಪ್ಪಿದ. ನೆಂಟರು ಗುಂಡಿ ತೋಡಲು ಅಂದೇ ಹೊರಟು ಲ್ಯಾಕ್ಸನ್ನನ ತಾಯಿಯ ಊರಿಗೆ ಹೋದರು.

ಗಾಡಿ ಕೇಳಲು ಎಲಿನಾಳೇ ಲಾಡ್ಜಿನ ಮ್ಯಾಡಂ ಹತ್ತಿರ ಹೋದಳು. ಮ್ಯಾಡಂ ಒಳ್ಳೆಯವಳು. ಪೆಟ್ಟಿಗೆಗೆ ಹಲಗೆ ಕೊಟ್ಟವಳೇ ಅವಳು. ಎಲಿನಾಳನ್ನು ಅಪ್ಪಿಕೊಂಡು ಅತ್ತಳು. ಅತ್ತಾದ ಮೇಲೆ ತೊಂದರೆ ಹೇಳಿದಳು. ಇರುವ ಎರಡು ಗಾಡಿಯಲ್ಲಿ ಒಂದರ ಗೇರ್ ಬಾಕ್ಸ್ ಹೋಗಿದೆ. ಇನ್ನೊಂದು ಬೆಳಿಗ್ಗೆ ಗೆಸ್ಟುಗಳಿಗೆ ಬೇಕು. ಹೆಂಕ್ ಮತ್ತು ಟ್ರೂಸ್ ಎಂಬ ವಯಸ್ಸಾದ ಗಂಡ ಹೆಂಡತಿ, ಹಾಲೆಂಡಿನವರು. ಅವರದು ಅದೇ ಕೊನೆಯ ಬೆಳಿಗ್ಗೆ, ಮಧ್ಯಾಹ್ನ ವಿಮಾನ, ಇನ್ನೂ ಚಿರತೆ ನೋಡಿಲ್ಲ.

"ನಿಮ್ಮ ಊರಿನ ದಾರಿಯಲ್ಲೂ ಪ್ರಾಣಿ ಸಿಗುತ್ತಲ್ವಾ?" ಎಂದಳು ಮ್ಯಾಡಂ.

"ಸಿಗ್ತವೆ ಮ್ಯಾಡಂ."

"ಹಾಗಾದ್ರೆ ಎಲ್ಲರೂ ಒಟ್ಟಿಗೆ ಹೋಗಿ. ಚಿಶಾಲ ಓಡಿಸಲಿ. ಗೆಸ್ಟುಗಳಿಗೆ ನಾನೇ ನಿಧಾನವಾಗಿ ಹೇಳ್ತೀನಿ."

ಬೆಳಿಗ್ಗೆ ಮ್ಯಾಡಂ ಗೆಸ್ಟುಗಳ ಹತ್ತಿರ ಹೋದಳು, ಕಾಫಿ ಚೆನ್ನಾಗಿತ್ತಾ ಎಂದು ಕೇಳಿದಳು, ಊರಿನವರದು ಸ್ವಲ್ಪ ಸಾಮಾನಿದೆ ಎಂದಳು, ವಾಪಸು ಬಂದಳು. ಬಾಯಿ ಬಾರದವರ ಸಾಲಿಗೆ ಅವಳೂ ಸೇರಿದಳು.

ಹೀಗೆ ಲ್ಯಾಕ್ಸನ್ ಮಲಾಮನ ಹೆಣ ಸಫಾರಿಗೆ ಹೊರಟಿತು. ಮುಂದಿನ ಸಾಲಿನಲ್ಲಿ ಹೆಂಕ್, ಕೋವಿಯಷ್ಟು ಉದ್ದದ ಕ್ಯಾಮೆರಾ ಹಿಡಿದು. ಪಕ್ಕದಲ್ಲಿ ಟ್ರೂಸ್, ಹಕ್ಕಿಗಳ ಪುಸ್ತಕ ಹಿಡಿದು. ಹಿಂದೆ ಅಡ್ಡವಾಗಿ ಪೆಟ್ಟಿಗೆ, ಲಾಡ್ಜಿನ ಕಂಬಳಿ ಹೊದಿಸಿ. ಅದರ ಒಂದು ತುದಿಗೆ ಎಲಿನಾ, ತಲೆ ಮೇಲೆ ಬಟ್ಟೆ ಹೊದ್ದು. ಇನ್ನೊಂದು ತುದಿಗೆ ಮುಕುಕಾ, ಕೋಟು ಟೈ ಹಾಕಿ.

"ಸಂತೆಗಾ?" ಎಂದು ಟ್ರೂಸ್ ಹಿಂದೆ ತಿರುಗಿ ಎಲಿನಾಳನ್ನು ಕೇಳಿದಳು.

"ಊರಿಗೆ," ಎಂದಳು ಎಲಿನಾ.

ಚಿಶಾಲ ಓಡಿಸಿದ. ಲ್ಯಾಕ್ಸನ್ನನ ಸೀಟಿನಲ್ಲಿ ಕೂತದ್ದಕ್ಕೋ ಏನೋ ಅವನ ಬೆನ್ನು ಕುಗ್ಗಿಹೋಗಿತ್ತು. ಜಿರಾಫೆಗಳು ಬಂದವು. ನಿಲ್ಲಿಸಿದ. "ಜಿರಾಫೆ," ಎಂದ. ಹೊರಟ. ಜೀಬ್ರಾಗಳು ಬಂದವು. "ಜೀಬ್ರಾ," ಎಂದ. ಆನೆ ಬಂತು. ಆನೆ ಎಂದೂ ಹೇಳಲಿಲ್ಲ, ಕೈ ತೋರಿಸಿದ.

"ಮೊನ್ನೆ ಬಂದಿದ್ದ ಡ್ರೈವರ್ ಎಷ್ಟು ಚೆನ್ನಾಗಿ ಹೇಳ್ತಿದ್ದ," ಎಂದು ಟ್ರೂಸ್ ಗಂಡನಿಗೆ ಪಿಸುಗುಟ್ಟಿದಳು. "ಅವನಿಗೆ ಇವತ್ತು ರಜೆ ಇರಬೇಕು."

ಎಲಿನಾ ಕಂಬಳಿಯ ತುದಿಯನ್ನು ಸರಿ ಮಾಡಿದಳು.

ಮೊಪಾನೆ ಮರಗಳು ಮುಗಿಯುವಲ್ಲಿ ರಸ್ತೆಯ ಮಧ್ಯೆ ಸಿಂಹಗಳು ಮಲಗಿದ್ದವು. ದೊಡ್ಡ ಸಂಸಾರ. ಹೊಟ್ಟೆ ಮೇಲೆ ಮಾಡಿಕೊಂಡು, ತಮ್ಮಪ್ಪನ ರಸ್ತೆ ಎಂಬಂತೆ. ಚಿಶಾಲ ನಿಲ್ಲಿಸಿದ. ಹೆಂಕ್‌ನ ಕ್ಯಾಮೆರಾ ಟಕಟಕ ಶುರುವಾಯಿತು. ಸೂರ್ಯ ಏರುತ್ತಿದ್ದ. ಮುಕುಕಾ ಚಡಪಡಿಸಿದ.

"ಹಾರನ್ ಹೊಡಿಯೋ."

"ಗೆಸ್ಟು ಇದ್ದಾಗ ಹೊಡಿಯಂಗಿಲ್ಲ ಮಾವ. ಕಾನೂನು."

"ಹೆಣ ಇದ್ದಾಗ?"

"ಅದುಕ್ಕೆ ಕಾನೂನು ಮಾಡಿಲ್ಲ."

ಆಗ ಒಂದು ಹೆಣ್ಣು ಸಿಂಹ ತಲೆ ಎತ್ತಿತು. ಮೂಗು ಅರಳಿಸಿತು. ಎದ್ದಿತು. ಗಾಡಿಯ ಮುಂಭಾಗವನ್ನು ಬಿಟ್ಟು ನೇರವಾಗಿ ಹಿಂಭಾಗಕ್ಕೆ ಬಂದಿತು.

"ಎಷ್ಟು ಹತ್ತಿರ!" ಎಂದು ಟ್ರೂಸ್ ಉಸಿರು ಬಿಗಿಹಿಡಿದಳು. "ಇದು ನಮ್ಮನ್ನು ಇಷ್ಟಪಡ್ತಿದೆ."

ಎಲಿನಾಳಿಗೆ ಅದು ಯಾರನ್ನು ಇಷ್ಟಪಡುತ್ತಿದೆ ಎಂದು ಗೊತ್ತಿತ್ತು. ಸಿಂಹ ಪೆಟ್ಟಿಗೆಯ ಮಟ್ಟಕ್ಕೆ ಮೂಗು ತಂದಿತು. ಅವಳು ತಲೆಯ ಮೇಲಿನ ಬಟ್ಟೆ ಎಳೆದು ಅದರ ಮುಖಕ್ಕೆ ಬೀಸಿದಳು.

"ಹೋಗೇ! ನಿನ್ ಗಂಡನ್ ಹತ್ರ ಹೋಗು! ಇವ್ನು ನನ್ನೋನು!"

ಸಿಂಹಕ್ಕೆ ಅವಮಾನವಾದಂತಾಗಿ ಒಂದು ಹೆಜ್ಜೆ ಹಿಂದೆ ಸರಿಯಿತು. ಚಿಶಾಲ ಗೆಸ್ಟು, ಕಾನೂನು ಎಲ್ಲ ಬಿಟ್ಟು ಹಾರನ್ ಹೊಡೆದ. ಸಿಂಹಗಳು ಸಂಸಾರ ಸಮೇತ ಎದ್ದು ಪೊದೆಗೆ ಹೋದವು. ಹೆಂಕ್ ಕ್ಯಾಮೆರಾ ನೋಡಿಕೊಂಡು, ಬಟ್ಟೆ ಬೀಸುವ ಅಜ್ಜಿಯ ಫೋಟೋ ತುಂಬ ಚೆನ್ನಾಗಿ ಬಂದಿದೆ ಎಂದ. ಎಲಿನಾ ಅಜ್ಜಿಯಾಗಿ ಎರಡು ವಾರವೂ ಆಗಿರಲಿಲ್ಲ.

ನದಿ ಕಾಣುವ ದಿಬ್ಬದ ಮೇಲೆ ಚಹಾಕ್ಕೆ ನಿಲ್ಲಿಸಲೇಬೇಕು. ಲಾಡ್ಜಿನ ಎಲ್ಲ ಗಾಡಿಗಳೂ ನಿಲ್ಲುತ್ತವೆ. ನಿಲ್ಲಿಸದಿದ್ದರೆ ಗೆಸ್ಟುಗಳು ದೂರು ಬರೆಯುತ್ತಾರೆ. ಚಿಶಾಲ ಬುಟ್ಟಿ ತೆಗೆದ. ಮಡಚುವ ಮೇಜು ತರುವುದನ್ನು ಮರೆತಿದ್ದ.

"ಪರವಾಗಿಲ್ಲ, ಪರವಾಗಿಲ್ಲ," ಎಂದು ಹೆಂಕ್ ಹಿಂದೆ ಬಂದು ಕಂಬಳಿಯ ಮೇಲೆ ತಾನೇ ಚೌಕುಳಿ ಬಟ್ಟೆ ಹಾಸಿದ. ಫ್ಲಾಸ್ಕ್ ಇಟ್ಟ. ಸಕ್ಕರೆ ಇಟ್ಟ. ಶುಂಠಿ ಬಿಸ್ಕತ್ತಿನ ಡಬ್ಬಿ ತೆರೆದ.

ಮೂವರೂ ನೋಡುತ್ತ ನಿಂತರು. ಯಾರಾದರೂ ಏನಾದರೂ ಹೇಳಬೇಕಿತ್ತು. ಮುಕುಕಾ ಸ್ವಲ್ಪ ಹೊತ್ತು ಯೋಚಿಸಿ ಒಂದು ಬಿಸ್ಕತ್ತು ತೆಗೆದುಕೊಂಡ.

"ಪ್ರತಿ ದಿನ ಇವ್ನೇ ಇಲ್ಲಿ ಬಟ್ಟೆ ಹಾಸ್ತಿದ್ದ," ಎಂದಳು ಎಲಿನಾ ಮೆಲ್ಲಗೆ. "ಗೆಸ್ಟು ಕುಡಿಯೋವರ್ಗೂ ನಿಂತಿರ್ತಿದ್ದ."

"ಇವತ್ತಾದ್ರೂ ಮಲಗವ್ನಲ್ಲ," ಎಂದ ಮುಕುಕಾ ಬಿಸ್ಕತ್ತು ಕಡಿಯುತ್ತ.

ಟ್ರೂಸ್ ಕಪ್ಪು ಕೆಳಗಿಟ್ಟು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದಳು. "ಇದರಲ್ಲಿ ಏನಿದೆ?"

ಚಿಶಾಲ ನದಿಯ ಕಡೆ ನೋಡುತ್ತಿದ್ದ. ಗೆಸ್ಟು ಕೇಳಿದರೆ ಉತ್ತರ ಕೊಡಬೇಕು. ಲಾಡ್ಜಿನಲ್ಲಿ ಮೊದಲು ಕಲಿಸುವುದೇ ಅದು. ಯೋಚಿಸುವ ಮೊದಲೇ ಅವನ ಬಾಯಿಂದ ಬಂತು.

"ಮೇಕೆ."

"ಓ! ಜೀವ ಇದೆಯಾ?"

"ಇಲ್ಲ ಮ್ಯಾಡಂ."

"ಪಾಪ. ಎಂಥ ಮೇಕೆ?"

"ಗಂಡು. ವಯಸ್ಸಾದ್ದು. ಕಣ್ಣು ಸರಿಯಿಲ್ಲ." ಚಿಶಾಲನ ಬೆನ್ನು ಸ್ವಲ್ಪ ನೆಟ್ಟಗಾಯಿತು. "ಈ ಜಾತಿ ನದಿಯ ಈಚೆ ದಡದಲ್ಲಿ ಮಾತ್ರ ಸಿಗುತ್ತೆ. ದಿನವೆಲ್ಲ ಕೂತಿರುತ್ತೆ. ಬಾಯಿ ಮಾತ್ರ ನಿಲ್ಲೋದಿಲ್ಲ."

"ಏನು ತಿನ್ನುತ್ತೆ?"

"ಬೇರೆಯವರದ್ದು. ನನ್ನ ಬುತ್ತಿ ತೆಗೆದು ತಿನ್ನುತ್ತೆ. ಆಮೇಲೆ ಉಪ್ಪು ಕಡಿಮೆ ಅಂತ ಹೇಳುತ್ತೆ."

ಟ್ರೂಸ್ ನಕ್ಕಳು. ಎಲಿನಾ ಗಾಡಿಯ ಕಂಬಿ ಹಿಡಿದುಕೊಂಡಳು. ಮುಕುಕಾನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಏನಂತಾನೆ?"

"ಬೈತಾವ್ನೆ ಮಾವ!" ಎಂದಳು ಎಲಿನಾ. "ಬೈತಾವ್ನೆ! ಬಾಯಿ ಬಂತು!"

"ಯಾವ ಮಾತ್ನಾಗೆ?"

"ಇಂಗ್ಲಿಷ್‌ನಾಗೆ."

ಮುಕುಕಾ ತಲೆಯಾಡಿಸಿದ. "ಆಗಾಕಿಲ್ಲ. ಇಂಗ್ಲಿಷ್ ಬೈಗುಳ ನಡಿಯಾಕಿಲ್ಲ. ಅಲ್ಲಿ ಕರ್ಕೊಂಡು ಹೋಗಾಕೆ ಅವನವ್ವ ಬಂದಿರ್ತಾಳೆ. ಅವಳಿಗೆ ತಿಳೀಬೇಕಲ್ಲ, ಮಗನ್ನ ಅಟ್ಟಿದ್ರು ಅಂತ? ನಮ್ಮ ಮಾತ್ನಾಗೆ ಬೈಯೋ."

ಚಿಶಾಲ ತಮ್ಮ ಮಾತಿನಲ್ಲಿ ಬಾಯಿ ತೆರೆದ. ಮೇಕೆ ಎನ್ನಲು ಹೋದ. ಅಳು ಬಂತು. ಟ್ರೂಸ್ ಗಾಬರಿಯಾಗಿ ಅವನಿಗೆ ಬಿಸ್ಕತ್ತು ಕೊಟ್ಟಳು.

ಅಲ್ಲಿಂದ ಊರಿನವರೆಗೆ ಹೆಂಕ್ ಮಾತ್ರ ಮರ ಕಂಡಲ್ಲೆಲ್ಲ "ಚಿರತೆ?" ಎಂದು ಕೇಳುತ್ತಿದ್ದ. ಎಲಿನಾ ಲೆಕ್ಕ ಹಾಕುತ್ತಿದ್ದಳು. ಪಾಪದವನಿಗೆ ಗೆಸ್ಟು ಕೇಳಿದರೆ ಬಾಯಿ ಬರುತ್ತದೆ, ಮಾವ ಕೇಳಿದರೆ ಬರುವುದಿಲ್ಲ. ಪೆಟ್ಟಿಗೆಯ ಸಂದಿನಿಂದ ವಾಸನೆ ಶುರುವಾಗಿತ್ತು. ಮೊದಲು ತನ್ನ ಮೂಗಿಗಷ್ಟೇ ಎಂದುಕೊಂಡಳು. ಆಮೇಲೆ ಟ್ರೂಸ್ ಕರವಸ್ತ್ರ ತೆಗೆದದ್ದು ನೋಡಿದಳು.

ಗುಂಡಿ ತೋಡಿ ಮುಗಿದಿತ್ತು. ಊರವರು ದೊಡ್ಡ ಅತ್ತಿ ಮರದ ಕೆಳಗೆ ಕಾಯುತ್ತಿದ್ದರು. ಸ್ಟಿಯರಿಂಗ್ ಹಿಡಿದವನನ್ನು ಕಂಡದ್ದೇ ಎದ್ದು ಕೂಗಿದರು.

"ಚಿರತೆ ಬಂತು! ಚಿರತೆ ಬಂತು!"

ಹಾಗೆ ಕೂಗುವುದು ಪದ್ಧತಿ. ಹೆಂಕ್ "ಏನಂತೆ?" ಎಂದ. ಎಲಿನಾ ಹೇಳಿದಳು. ಹೆಂಕ್ ಕ್ಯಾಮೆರಾ ಎತ್ತಿ ಎದ್ದು ನಿಂತು ಅತ್ತಿ ಮರದ ಕೊಂಬೆ ಕೊಂಬೆಯನ್ನೂ ಹುಡುಕಿದ. ಹುಡುಕುತ್ತಿರುವಾಗ ಆರು ಜನ ಬಂದು ಹಿಂದಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡರು. ಹೆಂಗಸರು ಹಾಡುತ್ತ ಅಳಲು ಶುರು ಮಾಡಿದರು. ಹೆಂಕ್ ಕ್ಯಾಮೆರಾ ಇಳಿಸಿದ. ಪೆಟ್ಟಿಗೆಯನ್ನು ನೋಡಿದ. ಗುಂಡಿಯನ್ನು ನೋಡಿದ. ಟೋಪಿ ತೆಗೆದ. ಟ್ರೂಸ್‌ಳ ಮುಖ ಹಿಟ್ಟಿನಂತಾಯಿತು.

"ನಾವು ಅದರ ಮೇಲೆ..." ಎಂದಳು.

"ಹೌದು ಮ್ಯಾಡಂ," ಎಂದಳು ಎಲಿನಾ. "ಮೊನ್ನೆಯ ಡ್ರೈವರ್. ನನ್ನ ಗಂಡ."

ಟ್ರೂಸ್ ಅವಳ ಎರಡೂ ಕೈ ಹಿಡಿದುಕೊಂಡಳು. ಯಾವ ಪ್ರಾಣಿ ಎಂದು ಕೇಳಲಿಲ್ಲ. ಮೂರು ದಿನದಲ್ಲಿ ಹಾಗೆ ಕೇಳದವಳು ಅವಳೊಬ್ಬಳೇ.

ಪೆಟ್ಟಿಗೆಯನ್ನು ಗುಂಡಿಯ ಅಂಚಿಗಿಟ್ಟರು. ಮುಕುಕಾ ಕೋಲು ಊರಿ ನಿಂತ. ಚಿಶಾಲನನ್ನು ಮುಂದೆ ತಂದು ನಿಲ್ಲಿಸಿದರು. ಜನ ಕಾದರು. ನೊಣಗಳು ಬಂದವು. ಚಿಶಾಲ ಅತ್ತ. ಗುಂಪಿನಲ್ಲಿ ಒಬ್ಬ ಮೂಗಿನ ಮೇಲೆ ಕೈಯಿಟ್ಟ. ಆಮೇಲೆ ಇನ್ನೊಬ್ಬ.

ಎಲಿನಾ ಅದನ್ನು ನೋಡಿದಳು. ಟ್ರೂಸ್‌ಳನ್ನು ಕೈಹಿಡಿದು ಎಳೆದುಕೊಂಡು ಬಂದು ಗುಂಡಿಯ ಅಂಚಿನಲ್ಲಿ ಚಿಶಾಲನ ಎದುರು ನಿಲ್ಲಿಸಿದಳು.

"ಕೇಳಿ ಮ್ಯಾಡಂ."

"ಏನು ಕೇಳಲಿ?"

"ಆಗ ಕೇಳಿದ ಹಾಗೇ. ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಹೆಂಡಿರೆಷ್ಟು, ಯಾರಿಗೆ ಹೆದರುತ್ತೆ. ಅವನು ಉತ್ತರ ಕೊಡ್ತಾನೆ."

"ಅಯ್ಯೋ, ನನ್ನಿಂದ ಆಗಲ್ಲ."

"ನೀವು ಗೆಸ್ಟು. ನೀವು ಕೇಳಬೇಕು. ಇಲ್ದಿದ್ರೆ ಇವನ್ನ ಹೂಳಾಕ್ಕಾಗಲ್ಲ."

ಟ್ರೂಸ್ ಗಂಡನನ್ನು ನೋಡಿದಳು. ಹೆಂಕ್ ತಲೆ ಅಲ್ಲಾಡಿಸಿದ, ಹೂಂ ಎಂದೋ ಬೇಡ ಎಂದೋ ಯಾರಿಗೂ ತಿಳಿಯಲಿಲ್ಲ. ಹಕ್ಕಿ ಪುಸ್ತಕವನ್ನು ಪ್ರಾರ್ಥನೆ ಪುಸ್ತಕದಂತೆ ಎದೆಗೆ ಒತ್ತಿಕೊಂಡು ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ಇದು... ಯಾವ ಪ್ರಾಣಿ?"

ಚಿಶಾಲ ಅಳು ನಿಲ್ಲಿಸಿದ. ಅಭ್ಯಾಸ. ಶರಟಿನ ಕಾಲರ್ ಸರಿ ಮಾಡಿಕೊಂಡ. ಉತ್ತರ ಕೊಡಲು ಇಂಗ್ಲಿಷಿನಲ್ಲಿ ಬಾಯಿ ತೆರೆದದ್ದಕ್ಕೆ ಮುಕುಕಾ ಕೋಲಿನಿಂದ ಅವನ ಮೊಣಕಾಲಿಗೆ ಒಂದು ಕೊಟ್ಟ. ಮಾತು ತಾನಾಗಿ ತಮ್ಮ ಭಾಷೆಗೆ ತಿರುಗಿತು.

"ಮೇಕೆ ಮ್ಯಾಡಂ! ಕಣ್ಣು ಕಾಣದ ಮೇಕೆ! ಹುತ್ತಕ್ಕೆ ಕೈ ಮುಗಿದು ಸಿಂಹ ಅಂದಿದ್ದು!"

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಎಲ್ಲಿ ಮಲಗುತ್ತೆ?"

"ಕೆಲಸ ಇದ್ದಲ್ಲೆಲ್ಲ! ಟೈರ್ ಪಂಚರ್ ಆದ್ರೆ ನೆರಳಲ್ಲಿ ಮಲಗುತ್ತೆ, ಟೈರ್ ಬದಲಾಯಿಸೋದು ನಾನು! ಎದ್ದು ಬಂದು ಬೋಲ್ಟ್ ಬಿಗಿ ಇಲ್ಲ ಅಂತ ನಂಗೇ ಹೇಳುತ್ತೆ!"

ಅಳುತ್ತಿದ್ದ ಹೆಂಗಸರು ತಿರುಗಿ ಕೂತರು. ಟ್ರೂಸ್‌ಗೆ ಅವನ ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೂ ಚೆನ್ನಾಗಿ ಕೇಳುವ ಗೆಸ್ಟಿನಂತೆ ತಲೆಯಾಡಿಸಿದಳು.

"ಹೆಂಡತಿಯರು ಎಷ್ಟು?"

"ಒಬ್ಳು! ಇನ್ನೊಬ್ಳು ಯಾರು ಬರ್ತಾಳೆ? ಮದುವೆಗೆ ಹೆಣ್ಣು ಕೇಳಾಕೆ ಹೋದಾಗ ಇವ್ನು ಹೆಣ್ಣಿನ ಅವ್ವಂಗೇ ನಮಸ್ಕಾರ ಮಾಡಿ, ಚೆನ್ನಾಗವ್ಳೆ, ಒಪ್ಗೆ ಅಂದ! ನಾನೇ ಪಕ್ಕದಾಗಿದ್ದೆ! ಕತ್ತು ಹಿಡಿದು ಈ ಕಡೆ ತಿರುಗಿಸಿದೆ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಕುಕಾ ನಗಬಾರದು, ಮೇಕೆ ಕುಲದವನು. ಕೋಲಿನ ಹಿಡಿಯನ್ನು ಕಚ್ಚಿಕೊಂಡ. ಎಲಿನಾಳಿಗೆ ಈ ಕತೆ ಯಾರೂ ಹೇಳಿರಲಿಲ್ಲ. ಅವಳ ಅವ್ವ ಸಾಯುವವರೆಗೂ ಅಳಿಯನ ಮೇಲೆ ಅಷ್ಟು ಪ್ರೀತಿ ಇಟ್ಟಿದ್ದು ಯಾಕೆ ಎಂದು ಈಗ ತಿಳಿಯಿತು.

"ಯಾರಿಗೆ... ಹೆದರುತ್ತೆ?" ಎಂದಳು ಟ್ರೂಸ್.

ಚಿಶಾಲ ಉಸಿರು ಎಳೆದುಕೊಂಡ. ಪೆಟ್ಟಿಗೆಯನ್ನು ನೋಡಿದ. ಗಲ್ಲ ನಡುಗಲು ಶುರುವಾಯಿತು. ನಗು ಒಂದೊಂದಾಗಿ ನಿಂತಿತು. ಇಲ್ಲಿ ಅತ್ತರೆ ಎಲ್ಲ ಹಾಳು.

"ನಂಗೆ ಹೆದರ್ತಿದ್ದ," ಎಂದು ಎಲಿನಾ ಜೋರಾಗಿ ಹೇಳಿದಳು. "ಹೇಳ್ಲಾ. ಹೆಂಡ್ತಿಗೆ ಹೆದರ್ತಿದ್ದ ಅಂತ ಹೇಳು."

ಅವಳು ಚಿರತೆ ಕುಲದವಳಲ್ಲ. ಅಲ್ಲಿ ಬೈಯುವ ಹಕ್ಕು ಅವಳಿಗಿಲ್ಲ. ಮುಕುಕಾ ಹುಬ್ಬು ಏರಿಸಿದ. ಆದರೆ ಚಿಶಾಲನಿಗೆ ತಿರುಗಿಸಿ ಬೈಯುವವರೊಬ್ಬರು ಸಿಕ್ಕಂತಾಯಿತು.

"ನಿಂಗಾ?" ಎಂದು ಅವನು ಗುಡುಗಿದ. "ಸುಳ್ಳು! ನಿಂಗೆ ಹೆದರಿದ್ರೆ ಕಟುಬಿ ಕುಡ್ಕೊಂಡು ಬಂದು ನಮ್ಮನೆ ಮಂಚದ ಕೆಳಗ್ಯಾಕೆ ಮಲಗ್ತಿದ್ದ? ನನ್ ಹೆಂಡ್ತಿ ಕಂಬಳಿ ಹೊದ್ಕೊಂಡು!"

"ನಿಮ್ಮನೆ ಮಂಚದ ಕೆಳಗೆ ಮಲಗಿದ್ರೆ ಅದು ಹೆದರಿಕೆನೇ ಕಣ್ಲಾ!"

"ಹಂಗಾರೆ ಹೆದರುಪುಕ್ಲ! ಹೆದರುಪುಕ್ಲ ಮೇಕೆ! ಎದ್ದು ನಡಿ ಇಲ್ಲಿಂದ! ನಿನ್ ಸೀಟ್ನಾಗೆ ನಾನು ಕೂತಿದ್ದೀನಿ, ಇನ್ನ ನಿಂಗೆ ಜಾಗ ಇಲ್ಲ! ನಡಿ ನಿಮ್ಮವ್ವನ್ ಹತ್ರ!"

"ಹಾಕಿ ಮಣ್ಣು," ಎಂದ ಮುಕುಕಾ.

ಹಾಕಿದರು. ನಗುತ್ತಲೇ ಹಾಕಿದರು. ಹೆಂಕ್ ಕೂಡ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದು ಸಲಿಕೆ ಹಾಕಿದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗುಂಡಿಯ ಮೇಲೆ ಮಣ್ಣಿನ ದಿಬ್ಬ ಎದ್ದು ನಿಂತಿತ್ತು.

ವಿಮಾನಕ್ಕೆ ಹೊತ್ತಾಗಿತ್ತು. ಗೆಸ್ಟುಗಳು ಗಾಡಿ ಹತ್ತಿದರು. ಎಲಿನಾ ಹತ್ತಲಿಲ್ಲ. ವಿಧವೆ ಗಂಡನ ತಾಯಿಯ ಊರಲ್ಲೇ ಉಳಿಯಬೇಕು, ಹಿರಿಯರು ಹೋಗು ಎನ್ನುವವರೆಗೆ. ಹೆಂಗಸರು ಅವಳನ್ನು ಗುಡಿಸಲಿನೊಳಗೆ ಚಾಪೆಯ ಮೇಲೆ ಕೂರಿಸಿದರು.

ಚಿಶಾಲನ ಬಾಯಿ ಬಿಚ್ಚಿದ್ದು ಮುಚ್ಚಲೇ ಇಲ್ಲ. ಗಾಡಿ ತಿರುಗಿಸುವಾಗ ಬೈದ. ಮರಳು ಹತ್ತುವಾಗ ಬೈದ. ಲ್ಯಾಕ್ಸನ್ನನ ಕಾಲು, ಅವನ ಹಾಡು, ಅವನ ಚಾಲನೆ, ಅವನ ಚಹಾ, ಒಂದನ್ನೂ ಬಿಡಲಿಲ್ಲ. ನಡುನಡುವೆ ಟ್ರೂಸ್ ಏನೋ ಕೇಳುವುದು ಕೇಳಿಸುತ್ತಿತ್ತು. ಅದಕ್ಕೂ ಅವನು ಉತ್ತರ ಕೊಡುತ್ತಿದ್ದ, ಇಂಗ್ಲಿಷಿನಲ್ಲಿ ಸ್ವಲ್ಪ, ತಮ್ಮ ಮಾತಿನಲ್ಲಿ ಬಹಳ.

ಎಲಿನಾ ಗೋಡೆಗೆ ಒರಗಿ ಕೇಳುತ್ತಿದ್ದಳು. ದನಿ ಸಣ್ಣದಾಯಿತು. ಎಂಜಿನ್ನಿನ ಸದ್ದಿನೊಳಗೆ ಸೇರಿತು. ಆಮೇಲೆ ಎಂಜಿನ್ನೂ ಕೇಳಿಸಲಿಲ್ಲ.

ಆಗ ಅವಳು ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಅವನು ಹೋಗಿಯಾಗಿತ್ತು, ಇನ್ನು ಎಷ್ಟು ಬೇಕಾದರೂ ಅಳಬಹುದಿತ್ತು.